ಹಲಸಿನ ಮೇಜಿನ ಬಿರುಕು ನಿಂತದ್ದು ಹೀಗೆ

ಬದಿಯಡ್ಕದ ನಮ್ಮ ಮನೆಯ ಊಟದ ಮೇಜು ಪ್ರತಿ ಬೇಸಿಗೆಯಲ್ಲೂ ಬಿರಿಯುತ್ತಿತ್ತು. ಮರದಪುಡಿಗೆ ಗೋಂದು ಕಲಸಿ ತುಂಬಿಸಿದರೆ ಮಳೆಗಾಲದಲ್ಲಿ ಉಬ್ಬಿ ಹೊರಗೆ ಬರುತ್ತಿತ್ತು. ಹಲಸು ಬೇಡ, ಹೊರಗಿನ ಮರ ಹಾಕಿಸಿ ಎಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ನಮ್ಮದೇ ತೋಟದಲ್ಲಿ ಗಾಳಿಗೆ ಬಿದ್ದ ಮರ ಅದು. ಈ ಕಡೆಯ ಹಳೆ ಮನೆಗಳಲ್ಲಿ ಹಲಸಿನ ಬಾಗಿಲು ಇನ್ನೂ ಗಟ್ಟಿಯಾಗಿವೆ, ಅಲ್ವಾ?

ಮೇಜು ಮಗುಚಿ ನೋಡಿದಾಗ ಕಾರಣ ಸಿಕ್ಕಿತು. ಅಡಿಯ ಅಡ್ಡಪಟ್ಟಿಗಳನ್ನು ಹಲಗೆಗೆ ಗೋಂದು ಹಾಕಿ ಸ್ಕ್ರೂ ಬಿಗಿದಿದ್ದರು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜಾಗ ಕೊಡದಿದ್ದರೆ ಬಿರಿಯದೆ ಇನ್ನೇನು ಮಾಡೀತು?

ಆಚಾರಿಯವರು ಪಟ್ಟಿ ಬಿಚ್ಚಿದರು. ಬಿರುಕಿನ ಗುಂಟ ಹಲಗೆ ಸೀಳಿ, ಅಂಚು ಕೀಸಿ, ಮತ್ತೆ ಅಂಟಿಸಿದರು. ಪಟ್ಟಿಯ ನಡುವಿನ ಸ್ಕ್ರೂ ಮಾತ್ರ ಬಿಗಿ. ಉಳಿದವಕ್ಕೆ ಪಟ್ಟಿಯಲ್ಲಿ ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಕೊರೆದು, ಸ್ಕ್ರೂ ತಲೆಯಡಿ ವಾಷರ್ ಹಾಕಿದರು. ಇಲ್ಲಿ ಗೋಂದು ಬೇಡವೇ ಬೇಡ. ಹಲಗೆ ಹಿಗ್ಗಿದಾಗ ಸ್ಕ್ರೂ ತೂತಿನೊಳಗೆ ಸ್ವಲ್ಪ ಸರಿಯುತ್ತದೆ, ಅಷ್ಟೆ.

ಒಂದು ಅಂಚಿನಲ್ಲಿ ಮರದ ತೊಗಟೆ ಕಡೆಯ ಬಿಳಿ ಭಾಗ ಉಳಿದು ಹುಳ ಹಿಡಿದಿತ್ತು. ಹಳದಿ ತಿರುಳಿಗೆ ಹುಳ ಅಷ್ಟು ಸುಲಭವಾಗಿ ಬೀಳುವುದಿಲ್ಲ, ಹಾಗಾಗಿ ಬಿಳಿಯದನ್ನು ಕೊಯ್ದು ತೆಗೆಸಿದೆ. ಎಣ್ಣೆಯನ್ನು ಮೇಲೂ ಅಡಿಯಲ್ಲೂ ಹಚ್ಚಿದೆ. ತುದಿಗಳಲ್ಲಿ ತೇವ ಬೇಗ ಹೋಗಿಬರುತ್ತದೆ, ಅಲ್ಲಿಗೆ ಜೇನುಮೇಣವನ್ನೂ ಉಜ್ಜಿದೆ. ಈ ಮಾರ್ಚ್ ಬಿಸಿಲಿಗೂ ಹೊಸ ಬಿರುಕು ಬರಲಿಲ್ಲ.