ಜರ್ಮಾಟ್‌ನ ಹೋಟೆಲಿನಲ್ಲಿ ಆರು ರಾತ್ರಿ: ನನ್ನ ಅನುಭವ

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೆಲೆಸಿ ಒಂಬತ್ತು ವರ್ಷಗಳಾದ ಮೇಲೆ, ಮೈಸೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ನಾನೂ ನನ್ನ ಹೆಂಡತಿಯೂ ಜನವರಿಯ ಮೂರನೆಯ ವಾರದಲ್ಲಿ, ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೆಸರಾದ ಆಲ್ಪ್ಸ್ ಪರ್ವತದ ಊರು ಜರ್ಮಾಟ್‌ಗೆ ಹೋಗಿ ಆರು ರಾತ್ರಿ ತಂಗಿದೆವು. ನಮ್ಮಿಬ್ಬರಿಗೆ ಅದು ಆ ಊರಿನ ಎರಡನೆಯ ಭೇಟಿ. ಮೊದಲ ಸಲ ನಕ್ಷತ್ರಗಳ ಸಂಖ್ಯೆಯನ್ನೂ ಚಿತ್ರಗಳನ್ನೂ ನೋಡಿ ಆರಿಸಿದ್ದ ಹೋಟೆಲ್ ಒಳಗೆಲ್ಲ ಸೊಗಸಾಗಿತ್ತು, ಆದರೆ ಊರಿನ ಮೇಲ್ಭಾಗದ ಏರಿನಲ್ಲಿತ್ತು. ಇಡೀ ದಿನ ಇಳಿಜಾರಿನಲ್ಲಿ ದಣಿದ ಕಾಲಿಗೆ ಬಗ್ಗದ ಸ್ಕೀ ಬೂಟು ಹಾಕಿಕೊಂಡು, ಸ್ಕೀಗಳನ್ನು ಹೆಗಲ ಮೇಲೆ ಹೊತ್ತು, ಮಂಜುಗಟ್ಟಿದ ಬೀದಿಯಲ್ಲಿ ಇಪ್ಪತ್ತು ನಿಮಿಷ ಹತ್ತುವುದು ಎಂತಹ ಕಷ್ಟವೆಂಬುದು ಆಗ ತಿಳಿಯಿತು. ಆದ್ದರಿಂದ ಈ ಸಲ ನಕ್ಷೆಯನ್ನು ಮುಂದಿಟ್ಟುಕೊಂಡು, ರೈಲು ನಿಲ್ದಾಣದಿಂದಲೂ ಮೇಲಿನ ಸ್ಕೀ ಪ್ರದೇಶವಾದ ಸುನೆಗಾಗೆ ಹೋಗುವ ಸುರಂಗ ರೈಲಿನ ಬಾಗಿಲಿನಿಂದಲೂ ಐದಾರು ನಿಮಿಷ ಸಮತಟ್ಟಾಗಿ ನಡೆಯಬಹುದಾದ ಹೋಟೆಲ್‌ಗಳನ್ನು ಮಾತ್ರ ನೋಡಿದೆ.

ಜನವರಿಯ ಮಧ್ಯಭಾಗವನ್ನು ಆರಿಸಿದ್ದಕ್ಕೂ ಕಾರಣವಿತ್ತು. ಕ್ರಿಸ್‌ಮಸ್, ಹೊಸ ವರ್ಷದ ಜನ ಹೋಗಿರುತ್ತಾರೆ, ಫೆಬ್ರುವರಿಯ ಶಾಲಾ ರಜೆಯ ಜನ ಇನ್ನೂ ಬಂದಿರುವುದಿಲ್ಲ; ಅದೇ ಕೋಣೆಯ ಬಾಡಿಗೆ ಗಮನಾರ್ಹವಾಗಿ ಇಳಿದಿರುತ್ತದೆ. ಚಳಿ ಹೆಚ್ಚೆಂಬುದು ನಿಜ. ಹಾಗೆ ಉಳಿದ ಹಣವನ್ನು ಮ್ಯಾಟರ್‌ಹಾರ್ನ್ ಶಿಖರ ಕಾಣುವ ಬಾಲ್ಕನಿಯ ಕೋಣೆಗೆ ಕೊಟ್ಟೆ. ಶಿಖರದ ನೋಟಕ್ಕೆ ಪ್ರತ್ಯೇಕ ದರ ವಿಧಿಸುವುದು ಅಲ್ಲಿಯ ರೂಢಿ. ದಿನವಿಡೀ ಹೊರಗಿರುವವರಿಗೆ ಅದು ಅನಗತ್ಯವೆನ್ನಿಸಬಹುದು, ಆದರೆ ಅಮ್ಮ ದಿನದ ಹೆಚ್ಚು ಹೊತ್ತು ಕೋಣೆಯಲ್ಲೇ ಇರುವವರಾಗಿದ್ದರಿಂದ ಆ ಖರ್ಚು ನನಗೆ ಎಲ್ಲಕ್ಕಿಂತ ಸಾರ್ಥಕವೆನಿಸಿತು. 4,478 ಮೀಟರ್ ಎತ್ತರದ ಆ ಶಿಖರದ ತುದಿಗೆ ಮೊದಲ ಬಿಸಿಲು ತಾಗಿ, ಕೆಂಡದ ಬಣ್ಣ ಮೆಲ್ಲಗೆ ಕೆಳಗಿಳಿದು ಬರುವುದನ್ನು ಅವರು ಪ್ರತಿದಿನ ಬೆಳಿಗ್ಗೆ ಶಾಲು ಹೊದ್ದು, ಕಿಟಕಿಯ ಪಕ್ಕದಲ್ಲಿ ಕುಳಿತು ನೋಡಿದರು.

ಜರ್ಮಾಟ್‌ನೊಳಕ್ಕೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಕಾರಿನಲ್ಲಿ ಬರುವವರು ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ಅದನ್ನು ಬಿಟ್ಟು ರೈಲು ಹತ್ತಬೇಕು. ನಾವು ಬಾಸೆಲ್‌ನಿಂದಲೇ ರೈಲಿನಲ್ಲಿ ಹೊರಟು ವಿಸ್ಪ್‌ನಲ್ಲಿ ಬದಲಾಯಿಸಿಕೊಂಡೆವು. ಅಲ್ಲಿಂದ ಕಣಿವೆಯ ರೈಲು ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ಏರುತ್ತದೆ. ತಲುಪುವ ಸಮಯವನ್ನು ಮುಂಚೆಯೇ ತಿಳಿಸಿದ್ದರಿಂದ ಹೋಟೆಲಿನ ಪುಟ್ಟ ವಿದ್ಯುತ್ ವಾಹನ ನಿಲ್ದಾಣದ ಮುಂದೆ ಕಾದಿತ್ತು.

ಊಟದ ವಿಷಯವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಹಿರಿಯರನ್ನು ಕರೆದೊಯ್ಯುವವರಿಗೆ ಕೋಣೆಗಿಂತ ಅಡುಗೆಮನೆಯೇ ಮುಖ್ಯ. ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಎರಡೂ ಸೇರಿದ ದರವನ್ನೇ ಆರಿಸಿಕೊಂಡೆವು. ಊರಿನ ರೆಸ್ಟೋರೆಂಟುಗಳಲ್ಲಿ ಮೂವರು ಪ್ರತಿ ರಾತ್ರಿ ಉಣ್ಣುವುದಕ್ಕಿಂತ ಅದು ಅಗ್ಗ, ಮೇಲಾಗಿ ಕತ್ತಲಾದ ಮೇಲೆ ಜಾರುವ ಬೀದಿಗೆ ಅಮ್ಮನನ್ನು ಇಳಿಸಬೇಕಾಗಿರಲಿಲ್ಲ. ಹತ್ತು ದಿನ ಮೊದಲೇ ಹೋಟೆಲಿಗೆ ಪತ್ರ ಬರೆದೆ. ಸಸ್ಯಾಹಾರ ಎಂದಷ್ಟೇ ಬರೆದಿದ್ದರೆ ಸಾಲುತ್ತಿರಲಿಲ್ಲ: ಅಲ್ಲಿ ಸೂಪಿನ ತಳದ ಸಾರನ್ನು ಮಾಂಸದಿಂದಲೇ ತೆಗೆಯುವುದು ಸಾಮಾನ್ಯ, ಗ್ರುಯೇರ್‌ನಂತಹ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಮೀನು, ಮೊಟ್ಟೆ, ಮಾಂಸದ ಸಾರು, ರೆನೆಟ್ ಹಾಕಿದ ಚೀಸ್ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆಂದು ಬರೆದದ್ದರಿಂದ ಅಡುಗೆಯವರಿಗೂ ಅನುಕೂಲವಾಯಿತು. ತರಕಾರಿ ಸಾರಿನಲ್ಲೇ ಬೇಯಿಸಿದ ಬಾರ್ಲಿ ಸೂಪ್, ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆಯ ರೋಸ್ಟಿ, ಅಣಬೆಯ ಪಲ್ಯದಂತಹ ಖಾದ್ಯಗಳು ದಿನಕ್ಕೊಂದು ಬಗೆಯಾಗಿ ಬಂದವು. ಮೂರನೆಯ ರಾತ್ರಿ ಅಮ್ಮನಿಗೆ ಇವೆಲ್ಲ ಸಾಕೆನಿಸಿದಾಗ, ಮೇಜಿನ ಹೊಣೆ ಹೊತ್ತಿದ್ದಾಕೆ ತಾನಾಗಿಯೇ ಬಿಳಿ ಅನ್ನವನ್ನೂ ಒಂದು ಬಟ್ಟಲು ಗಟ್ಟಿ ಮೊಸರನ್ನೂ ತಂದಿಟ್ಟಳು. ಅಮ್ಮ ಕೈಚೀಲದಿಂದ ಚಟ್ನಿಪುಡಿ ತೆಗೆದರು. ತಂಗಿರುವಷ್ಟು ದಿನವೂ ಒಂದೇ ಮೇಜನ್ನು ಒಂದೇ ಕುಟುಂಬಕ್ಕೆ ಮೀಸಲಿಡುವ ಅಲ್ಲಿಯ ಹಳೆಯ ಪದ್ಧತಿಯ ಬೆಲೆ ನನಗೆ ಆಗ ಗೊತ್ತಾಯಿತು.

ಸ್ಕೀ ಸಾಮಾನನ್ನು ಕೋಣೆಗೆ ಒಯ್ಯುವಂತಿಲ್ಲ. ನೆಲಮಾಳಿಗೆಯ ಸ್ಕೀ ಕೋಣೆಯಲ್ಲಿ ಬಿಸಿಗಾಳಿ ಊದುವ ಕೊಳವೆಗಳಿಗೆ ಬೂಟುಗಳನ್ನು ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿ ಬೆಚ್ಚಗಾಗಿರುತ್ತವೆ. ತಣ್ಣಗಿನ ಬೂಟಿನ ಪ್ಲಾಸ್ಟಿಕ್ ಗಡುಸಾಗಿ ಕಾಲು ಒಳಗಿಳಿಯುವುದೇ ಇಲ್ಲವಾದ್ದರಿಂದ ಈ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೋಣೆ ಕಾಯ್ದಿರಿಸಬೇಕು. ಸೌನಾ ಎಂಬ ಶಾಖಸ್ನಾನದ ಕೋಣೆಯಲ್ಲಿ ಈಜುಡುಗೆಯಿಲ್ಲದೆ, ಸ್ತ್ರೀಪುರುಷರು ಒಟ್ಟಿಗೆ ಕೂರುವ ವಾಡಿಕೆಯಿದೆ. ಸಂಕೋಚವಿರುವವರು ನಿಯಮವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಊರು 1,600 ಮೀಟರ್ ಎತ್ತರದಲ್ಲಿದೆ. ಕೋಣೆಯ ಬಿಸಿಗಾಳಿ ಬಹಳ ಒಣಗಿದ್ದು, ಮೊದಲ ರಾತ್ರಿ ಅಮ್ಮನ ಗಂಟಲು ಕಟ್ಟಿತು. ಮರುದಿನದಿಂದ ಒದ್ದೆ ಟವೆಲನ್ನು ಹೀಟರಿನ ಮೇಲೆ ಹರಡಿ, ಶಾಖವನ್ನು ತಗ್ಗಿಸಿ ಮಲಗಿದೆವು. ನಿದ್ದೆ ಚೆನ್ನಾಗಿ ಬಂತು. ದೇಹ ಸ್ವಲ್ಪ ಹೊಂದಿಕೊಳ್ಳಲೆಂದು ಊರಿನ ಮೇಲಿರುವ ಗೊರ್ನರ್‌ಗ್ರಾಟ್ ಎಂಬ ಬೆಟ್ಟದ ಪ್ರಯಾಣವನ್ನು ನಾಲ್ಕನೆಯ ದಿನಕ್ಕೆ ಇಟ್ಟುಕೊಂಡೆವು. 1898ರಿಂದ ಓಡುತ್ತಿರುವ ಅಲ್ಲಿಯ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಹಿಡಿದು ಏರುವ ವಿದ್ಯುತ್ ರೈಲು ಅರ್ಧ ಗಂಟೆಗೆ ತುಸು ಹೆಚ್ಚು ಸಮಯದಲ್ಲಿ 3,089 ಮೀಟರ್‌ಗೆ ಒಯ್ಯುತ್ತದೆ. ಮೇಲೆ ನಿಧಾನವಾಗಿ ಹೆಜ್ಜೆಯಿಟ್ಟು, ಮುಕ್ಕಾಲು ಗಂಟೆ ಕುಳಿತು, ಹಿಮನದಿಯನ್ನು ನೋಡಿ ಇಳಿದೆವು.

ಐದನೆಯ ದಿನ ಬಿರುಗಾಳಿಗೆ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಮೇಲಿನ ಸ್ಕೀ ಲಿಫ್ಟುಗಳೆಲ್ಲ ನಿಂತವು. ಅಂತಹ ಒಂದು ದಿನ ಬಂದೇ ಬರುತ್ತದೆಂದು ಎಣಿಸಿಕೊಂಡೇ ಹೋಟೆಲ್ ಆರಿಸಬೇಕು. ಬೆಂಕಿಗೂಡಿನ ಪಕ್ಕದ ವಿಶಾಲ ಹಜಾರ ಅಂದು ನಮಗೆ ಮನೆಯಾಯಿತು. ಮಧ್ಯಾಹ್ನ ಹಿಮ ತುಸು ಬಿಟ್ಟಾಗ ಊರಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ಏರಿ, ಇಳಿಯುವಾಗ ನಾಲ್ವರು ಸತ್ತರು. ಅಂದು ತುಂಡಾದ ಹಗ್ಗ ಅಲ್ಲಿ ಗಾಜಿನ ಹಿಂದಿದೆ. ಹೆಬ್ಬೆರಳಿಗಿಂತ ತೆಳುವಾದ ಆ ಹಗ್ಗದ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದರು.

ಹೊರಡುವ ದಿನದ ಬಿಲ್ಲಿನಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆ ಬೇರೆಯಾಗಿ ಸೇರಿತ್ತು. ಕಾಯ್ದಿರಿಸುವಾಗಲೇ ಅದನ್ನು ಲೆಕ್ಕ ಹಾಕಿಕೊಂಡಿದ್ದೆವು. ಹಣ ಕಟ್ಟಿದ ಮೇಲೆ ಮುಂದಿನ ಜನವರಿಗೆ ಅದೇ ಕೋಣೆಯನ್ನು ಕೇಳಿದೆ. ಸ್ವಾಗತದಲ್ಲಿದ್ದವರು ದಿನಾಂಕ ಬರೆದುಕೊಂಡು, ಅಮ್ಮನ ಹೆಸರಿನ ಮುಂದೆ ಅನ್ನ, ಮೊಸರು ಎಂದೂ ಗುರುತು ಹಾಕಿಕೊಂಡರು.