ನೋಯದ ಹುಣ್ಣಿನ ಅಂಚಿನಡಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಾರ್ನಿಂಗ್ಟನ್ ಪೆನಿನ್ಸುಲಾದ ಒಂದು ಕ್ಲಿನಿಕ್‌ನಲ್ಲಿ ನಾನು ನರ್ಸ್. ಡ್ರೆಸ್ಸಿಂಗ್‌ಗೆ ಬಂದವರು "ಏನೋ ಕಚ್ಚಿದ್ದು, ವಾಸಿನೇ ಆಗ್ತಿಲ್ಲ, ಆದ್ರೆ ನೋವೇನಿಲ್ಲ" ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ನೋವಿದ್ದರೆ ಜನ ಓಡಿ ಬರುತ್ತಾರೆ. ಬುರೂಲಿ ಹುಣ್ಣು ಎಂಬ ಚರ್ಮದ ಸೋಂಕು ಅಷ್ಟಾಗಿ ನೋಯುವುದಿಲ್ಲ, ಹಾಗಾಗಿ ತಡವಾಗಿ ಬರುತ್ತಾರೆ.

ಇದನ್ನು ತರುವ ಮೈಕೋಬ್ಯಾಕ್ಟೀರಿಯಂ ಅಲ್ಸರಾನ್ಸ್, ಕ್ಷಯ ಮತ್ತು ಕುಷ್ಠದ ಬ್ಯಾಕ್ಟೀರಿಯಾಗಳ ಕುಟುಂಬದ್ದೇ. ಅದು ಬಿಡುವ ಮೈಕೋಲ್ಯಾಕ್ಟೋನ್ ಎಂಬ ವಿಷ ಚರ್ಮದಡಿಯ ಕೊಬ್ಬನ್ನು ಸಾಯಿಸುತ್ತದೆ, ಜೊತೆಗೆ ನೋವನ್ನೂ ಅಡಗಿಸುತ್ತದೆ. ಮೈಯೊಳಗಿನ ಬಿಸಿ ಈ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕೈಕಾಲಿನ ಚರ್ಮದಲ್ಲೇ ಜಾಸ್ತಿ. ಹೆಸರು ಉಗಾಂಡಾದ ಒಂದು ಪ್ರದೇಶದ್ದಾದರೂ, ಬ್ಯಾಕ್ಟೀರಿಯಾ ಇಂಥದ್ದೇ ಎಂದು ಮೊದಲು ವರದಿಯಾದದ್ದು 1948ರಲ್ಲಿ, ಇದೇ ವಿಕ್ಟೋರಿಯಾದ ಬೇರ್ನ್ಸ್‌ಡೇಲ್ ಕಡೆಯ ರೋಗಿಗಳಿಂದ. ಪಶ್ಚಿಮ ಆಫ್ರಿಕಾದ ಘಾನಾ, ಬೆನಿನ್ ಹಳ್ಳಿಗಳಲ್ಲಿ ಇದು ಮಕ್ಕಳನ್ನು ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಬರುವವರು ಬಹುಪಾಲು ದೊಡ್ಡವರು.

ನಾನು ಮೊದಲು ನೋಡುವುದು ಗಾಯದ ಅಂಚನ್ನು. ಮೇಲೆ ಕಾಣುವ ಬಾಯಿ ಒಂದು ರೂಪಾಯಿ ನಾಣ್ಯದಗಲ ಇರಬಹುದು. ಪ್ರೋಬ್ ಎಂಬ ತೆಳು ಕಡ್ಡಿ ಇಟ್ಟರೆ ಅಂಚಿನ ಕೆಳಗೆ ಸಲೀಸಾಗಿ ಜಾರಿ ಹೋಗುತ್ತದೆ. ಮೇಲ್ಗಡೆ ಚರ್ಮ ಚೆನ್ನಾಗಿಯೇ ಇದೆ, ಒಳಗೆ ಟೊಳ್ಳು. ಪರೀಕ್ಷೆಗೆ ಸ್ವಾಬ್ (ಹತ್ತಿ ತುದಿಯ ಕಡ್ಡಿಯಲ್ಲಿ ಮಾದರಿ) ತೆಗೆಯುವುದೂ ಅಲ್ಲಿಂದಲೇ. ಒಣ ಸ್ವಾಬನ್ನು ಅಂಚಿನಡಿ ತೂರಿಸಿ ಸುತ್ತಲೂ ತಿರುಗಿಸುತ್ತೇನೆ. ತುದಿಗೆ ಕೊಳೆತ ಅಂಗಾಂಶ ಕಣ್ಣಿಗೆ ಕಾಣುವಷ್ಟು ಅಂಟಿರಬೇಕು. ಗಾಯದ ನಡುವೆ ಸುಮ್ನೆ ಸವರಿ ಕಳಿಸಿದರೆ ರೋಗವಿದ್ದರೂ ವರದಿ ನೆಗೆಟಿವ್ ಬರಬಹುದು. ಚೀಟಿಯಲ್ಲಿ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಎಂದು ಬರೆದೇ ಕಳಿಸಬೇಕು. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮಾಮೂಲಿ ಕಲ್ಚರ್‌ನಲ್ಲಿ ಇದು ಸಿಗುವುದಿಲ್ಲ.

ರೋಗ ಖಚಿತವಾದರೆ ಸಾಮಾನ್ಯವಾಗಿ ಎಂಟು ವಾರ ರಿಫಾಂಪಿಸಿನ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು. ರಿಫಾಂಪಿಸಿನ್ ನನಗೆ ಊರಿನ ಟಿಬಿ ವಾರ್ಡಿನಿಂದಲೇ ಗೊತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಿಂದ ಫೋನ್ ಬರುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಗರ್ಭನಿರೋಧಕ ಮಾತ್ರೆ ಇವುಗಳ ಜೊತೆ ಈ ಔಷಧಿಗಳು ತಕರಾರು ತೆಗೆಯುತ್ತವೆ. ಹಾಗಾಗಿ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿ ತರಿಸಿಕೊಂಡು ಡಾಕ್ಟರಿಗೆ ತೋರಿಸುತ್ತೇನೆ.

ನಿಜವಾದ ಪರೀಕ್ಷೆ ನಡುವಿನ ವಾರಗಳಲ್ಲಿ. ದಾವಣಗೆರೆ ಕಡೆಯವರೊಬ್ಬರಿಗೆ ಕಾಲಿನ ಹರಡಿನ ಮೇಲೆ ಆಗಿತ್ತು. "ಏನ್ ಸಿಸ್ಟರ್, ಮಾತ್ರೆ ತಗೊಂಡ ಮೇಲೇ ದೊಡ್ಡದಾಯ್ತಲ್ಲ? ಈಗ ನೋವೂ ಶುರುವಾಗಿದೆ!" ಅಂದರು. "ಹೀಗಾಗಬಹುದು ಅಂತ ಮೊದಲೇ ಹೇಳಿದ್ದೆ ಅಲ್ವಾ ಸರ್? ಔಷಧಿ ನಿಲ್ಲಿಸಬೇಡಿ, ಡಾಕ್ಟರನ್ನು ಕರೀತೀನಿ" ಅಂದೆ. ಬ್ಯಾಕ್ಟೀರಿಯಾ ಸಾಯುತ್ತಾ ವಿಷ ಇಳಿದ ಹಾಗೆ, ಅಡಗಿದ್ದ ದೇಹದ ಪ್ರತಿಕ್ರಿಯೆ ಎದ್ದು ನಿಲ್ಲುತ್ತದೆ. ಊತ, ಕೀವು, ನೋವು ಎಲ್ಲ ಒಟ್ಟಿಗೆ. ಔಷಧಿ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಬಿಟ್ಟುಬಿಡುವವರು ಈ ಹಂತದಲ್ಲೇ. ಎಂಟು ವಾರ ಮುಗಿದ ಮೇಲೂ ಗಾಯ ಪೂರ್ತಿ ಮುಚ್ಚಲು ತಿಂಗಳುಗಳೇ ಬೇಕಾಗಬಹುದು.

ಡ್ರೆಸ್ಸಿಂಗ್‌ನಲ್ಲಿ ವಿಶೇಷವೇನಿಲ್ಲ. ಸಲೈನ್‌ನಲ್ಲಿ ತೊಳೆದು, ಅಂಟದ ಪದರ ಹಾಕಿ, ಸ್ರಾವ ಹೀರುವ ಫೋಮ್ ಇಡುತ್ತೇನೆ. ಮೊಣಕೈ, ಮೊಣಕಾಲಿನ ಹತ್ತಿರ ಆಗಿದ್ದರೆ ಮೊದಲ ವಾರದಿಂದಲೇ ಮಡಚಿ ಬಿಡಿಸುವ ವ್ಯಾಯಾಮ, ಇಲ್ಲದಿದ್ದರೆ ಕೀಲು ಸೆಟೆದುಕೊಳ್ಳುತ್ತದೆ.

ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯಲ್ಲ. ಇಲ್ಲಿ ಪಾಸಮ್ ಎಂಬ ಪ್ರಾಣಿಗಳ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ. ಸೊಳ್ಳೆಗಳು ಹರಡುತ್ತವೆ ಎನ್ನುವುದಕ್ಕೆ 2024ರಲ್ಲಿ ಬಲವಾದ ಪುರಾವೆ ಬಂತು. ಕಚ್ಚಿದ ಮೇಲೆ ಗುಳ್ಳೆ ಏಳಲು ನಾಲ್ಕೈದು ತಿಂಗಳು ಹಿಡಿಯಬಹುದು. ಮಕ್ಕಳ ಮನೆಗೆಂದು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರು ಅಷ್ಟರಲ್ಲಿ ಊರು ಸೇರಿರುತ್ತಾರೆ. ವಾಸಿಯಾಗದ ಹುಣ್ಣು ಹಿಡಿದು ಅಲ್ಲಿನ ಡಾಕ್ಟರ ಹತ್ತಿರ ಹೋದರೆ, ಯಾವ ತಿಂಗಳಲ್ಲಿ ವಿಕ್ಟೋರಿಯಾದ ಯಾವ ಊರಿನಲ್ಲಿದ್ದರು ಎಂದು ಆ ಅಪ್ಪ ಅಮ್ಮಂದಿರೇ ಬಾಯಿ ಬಿಟ್ಟು ಹೇಳಬೇಕು.