ಪ್ರಶಸ್ತಿ ಪಡೆದ ಟರ್ನ್‌ಟೇಬಲ್ ಮಂಗಳೂರಿನ ಮನೆಗೆ ಬಂದಾಗ

ಬೆರಳೆಣಿಕೆಯ ಕೆಲಸಗಾರರಿರುವ ಸಣ್ಣ ಕಾರ್ಖಾನೆಯೊಂದರ, ರೆಕಾರ್ಡು ನುಡಿಸುವ ಟರ್ನ್‌ಟೇಬಲ್ಲಿಗೋ ಅದರ ಸದ್ದನ್ನು ಹಿಗ್ಗಿಸುವ ಫೋನೋ ಆಂಪ್ಲಿಫೈಯರಿಗೋ ಪ್ರಶಸ್ತಿ ಬಂದರೆ, ರೆಕಾರ್ಡುಗಳ ಹುಚ್ಚು ಹಿಡಿದವರಿಗೆ ತಮ್ಮ ಮನೆಯ ಮಗುವಿಗೇ ರ‍್ಯಾಂಕ್ ಬಂದಷ್ಟು ಸಂತೋಷವಾಗುತ್ತದೆ. ಈ ಕ್ಷೇತ್ರದಲ್ಲಿ ಸಣ್ಣವರು ದೊಡ್ಡವರಿಗೆ ದಾರಿ ತೋರಿಸಿದ್ದುಂಟು. 1973ರಲ್ಲಿ ಇಂಗ್ಲೆಂಡಿನಲ್ಲಿ ಚಿಕ್ಕದಾಗಿ ಆರಂಭವಾದ ರೇಗಾ ಸಂಸ್ಥೆಯು 1983ರಲ್ಲಿ ಒಂದೇ ಎರಕದ ಆರ್‌ಬಿ 300 ಎಂಬ, ಮುಳ್ಳನ್ನು ಹೊರುವ ತೋಳನ್ನು ಹೊರತಂದಾಗ, ಬೇರೆ ತಯಾರಕರೂ ಅದನ್ನು ಕೊಂಡು ತಮ್ಮ ಯಂತ್ರಗಳಿಗೆ ಜೋಡಿಸಿಕೊಂಡರು. ಆದರೆ ಪ್ರಶಸ್ತಿ ಕೊಡುವವರು ಕೇಳುವುದು ತಿಳಿದವರು ಸರಿಯಾಗಿ ಹೊಂದಿಸಿಟ್ಟ ಯಂತ್ರವನ್ನು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಅದೇ ಯಂತ್ರದಿಂದ ಅದೇ ನಾದ ಹೊರಡಬೇಕಾದರೆ, ಹೊಂದಿಸುವ ಕೆಲಸ ಮನೆಯವರದೇ ಆಗುತ್ತದೆ.

ಹಣ ಕಳುಹಿಸುವ ಮೊದಲು ಪ್ರಶಸ್ತಿಯ ವಿವರವನ್ನು ಪೂರ್ತಿ ಓದಿಕೊಳ್ಳಬೇಕು. ಮೆಚ್ಚುಗೆ ಇಡೀ ಯಂತ್ರಕ್ಕೆ ಸಂದಿದೆಯೋ ತೋಳಿಗೆ ಮಾತ್ರವೋ, ಪರೀಕ್ಷಿಸಿದವರು ಯಾವ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ, ತೋಳಿನ ತುದಿಯ ಭಾಗ) ಹಾಕಿದ್ದರು ಎಂಬುದು ತಿಳಿಯದಿದ್ದರೆ, ಕೊಂಡವರು ಕೇಳುವುದು ಬೇರೆಯೇ ಯಂತ್ರವನ್ನು. ತಯಾರಕರೊಡನೆ ನೇರವಾಗಿ ಮಾತನಾಡಲು ಸಿಗುವುದು ಸಣ್ಣ ಸಂಸ್ಥೆಯ ದೊಡ್ಡ ಅನುಕೂಲ. ಆ ಅನುಕೂಲವನ್ನು ಅಭಿನಂದನೆಗಷ್ಟೇ ಮುಗಿಸಬಾರದು. ಮೋಟಾರು ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ತಕ್ಕುದೇ ಎಂದು ಕೇಳಬೇಕು. ಅಮೆರಿಕದ 60 ಹರ್ಟ್ಸಿಗೆಂದು ಮಾಡಿದ ಸಿಂಕ್ರನಸ್ ಮೋಟಾರಿನ (ವಿದ್ಯುತ್ತಿನ ಹರ್ಟ್ಸಿಗೆ ತಕ್ಕ ವೇಗದಲ್ಲೇ ತಿರುಗುವ ಮೋಟಾರು) ಯಂತ್ರವನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಇಲ್ಲಿ ಓಡಿಸಿದರೆ ವೋಲ್ಟೇಜ್ ಸರಿಹೋಗುತ್ತದೆಯೇ ಹೊರತು ವೇಗವಲ್ಲ; ಅದು ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ. ಬದಲಿ ಬೆಲ್ಟನ್ನೂ ಬೇರಿಂಗಿನ ಎಣ್ಣೆಯನ್ನೂ ಯಂತ್ರದ ಜೊತೆಗೇ ತರಿಸಿಕೊಳ್ಳುವುದು ಒಳ್ಳೆಯದು. ಸಾಧ್ಯವಿದ್ದರೆ ಪಾರ್ಸೆಲನ್ನು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ ತರಿಸಬಾರದು.

ಯಂತ್ರವನ್ನು ಇಡುವ ಜಾಗದ ಬಗ್ಗೆ ನಮ್ಮಲ್ಲಿ ಅಸಡ್ಡೆ ಹೆಚ್ಚು. ಸ್ಟೈಲಸ್, ಎಂದರೆ ಮುಳ್ಳು, ಓದುವುದು ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನು. ನೆಲದ ಕಂಪನವನ್ನೂ ಅದು ಸಂಗೀತದಂತೆಯೇ ಓದಿಬಿಡುತ್ತದೆ. ಹಳೆಯ ಹಂಚಿನ ಮನೆಯ ಕೆಳಗಿನ ಅಂತಸ್ತಿನ ಕಾವಿ ನೆಲ ಗಟ್ಟಿಯಾಗಿರುವುದರಿಂದ ಅಲ್ಲಿ ಭಾರವಾದ ಮೇಜು ಸಾಕು. ಮಹಡಿಯ ನೆಲ ಮರದ ಹಲಗೆಯದಾದರೆ ಒಬ್ಬರು ನಡೆದರೂ ಮುಳ್ಳು ಹಾರುತ್ತದೆ. ಅಂಥಲ್ಲಿ ಕೆಂಪುಕಲ್ಲಿನ ಗೋಡೆಗೆ ಕಬ್ಬಿಣದ ಬ್ರಾಕೆಟ್ ಬಿಗಿದು, ಅದರ ಮೇಲೆ ಹಲಗೆಯಿಟ್ಟು ಯಂತ್ರವನ್ನು ಕೂರಿಸಬೇಕು. ಕೆಂಪುಕಲ್ಲು ಮೃದುವಾದ್ದರಿಂದ ಉದ್ದನೆಯ ಆಂಕರ್ ಬೋಲ್ಟ್ ಬೇಕು, ಗಿಡ್ಡ ಮೊಳೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಸ್ಪೀಕರುಗಳನ್ನು ಅದೇ ಹಲಗೆಯ ಮೇಲೆ ಎಂದಿಗೂ ಇಡಬಾರದು. ಬಡಗಿಗಳು ಬಳಸುವ ಸ್ಪಿರಿಟ್ ಲೆವೆಲ್ಲನ್ನು ರೆಕಾರ್ಡು ಕೂರುವ ತಿರುಗುತಟ್ಟೆಯಾದ ಪ್ಲ್ಯಾಟರಿನ ಮೇಲೆ ಎರಡು ದಿಕ್ಕಿಗೆ ಇಟ್ಟು ಮಟ್ಟ ನೋಡಬೇಕು. ಮರದ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ, ಋತು ಬದಲಾದಾಗ ಈ ಪರೀಕ್ಷೆಯನ್ನು ಮತ್ತೆ ಮಾಡುವುದು ಅಗತ್ಯ.

ವೇಗ ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು. ರೆಕಾರ್ಡಿನ ಅಂಚಿನಲ್ಲಿ ಕಾಗದದ ಚೂರೊಂದನ್ನು ಅಂಟಿಸಿ ಗಡಿಯಾರ ಹಿಡಿದು ಎಣಿಸಿದರೆ ಆಯಿತು; ಒಂದು ಸುತ್ತು ಹೆಚ್ಚುಕಡಿಮೆ ಬಂದರೆ ವೇಗದಲ್ಲಿ ಶೇಕಡಾ ಒಂದರಷ್ಟು ದೋಷವಿದೆ ಎಂದರ್ಥ. ಎಣಿಸುವಾಗ ಮುಳ್ಳು ರೆಕಾರ್ಡಿನ ಮೇಲಿರಬೇಕು, ಏಕೆಂದರೆ ಬರಿಯ ಪ್ಲ್ಯಾಟರ್ ಸ್ವಲ್ಪ ವೇಗವಾಗಿ ತಿರುಗಬಹುದು. ಶೇಕಡಾ ಒಂದರ ವ್ಯತ್ಯಾಸ ಎಲ್ಲರಿಗೂ ಕೇಳಿಸದು. ಆದರೆ ತಂಬೂರಿಯ ಶ್ರುತಿಯಲ್ಲಿ ಕಿವಿ ಪಳಗಿದವರಿಗೆ ಅಷ್ಟೇ ಸಾಕು, ಅಂಥವರು ಮನೆಗೆ ಬಂದರೆ ಮೊದಲ ನಿಮಿಷದಲ್ಲೇ ಹೇಳಿಬಿಡುತ್ತಾರೆ.

ಇನ್ನು ಕಾರ್ಟ್ರಿಜ್. ನನ್ನ ಎಣಿಕೆಯಲ್ಲಿ ಯಂತ್ರದ ಬೆಲೆಗಿಂತಲೂ ಇದನ್ನು ಕೂರಿಸುವ ರೀತಿಯೇ ಹೆಚ್ಚು ಮುಖ್ಯ. ರೆಕಾರ್ಡಿನ ಹೊರ ಅಂಚಿನಲ್ಲಿ ಗೀರು (ಸಂಗೀತ ಕೊರೆದಿರುವ ಸುರುಳಿ ಗೆರೆ) ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ; ಲೇಬಲ್ಲಿನ ಹತ್ತಿರ ಬಂದಾಗ ಆ ವೇಗ ಸುಮಾರು 21ಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿಕೊಳ್ಳುವುದರಿಂದ, ಕಾರ್ಟ್ರಿಜ್ ತುಸು ಓರೆಯಾಗಿದ್ದರೂ ಅದರ ಪರಿಣಾಮ ಒಳಗಿನ ಹಾಡುಗಳಲ್ಲಿ ಎದ್ದು ಕಾಣುತ್ತದೆ. ಮೊದಲ ಹಾಡು ಸ್ವಚ್ಛವಾಗಿದ್ದು, ಕೊನೆಯ ಹಾಡಿನಲ್ಲಿ ಗಾಯಕಿಯ ಸಕಾರ ಶಕಾರಗಳು ಉಗುಳಿದಂತೆ ಕೇಳಿಸಿದರೆ, ರೆಕಾರ್ಡನ್ನು ದೂರುವ ಮೊದಲು ಜೋಡಣೆಯನ್ನು ನೋಡಬೇಕು.

ಜೋಡಣೆಗೆ ಬೇಕಾದದ್ದು ಪ್ರೊಟ್ರ್ಯಾಕ್ಟರ್ ಎಂಬ ಒಂದು ಹಾಳೆ. ಬಹಳ ಮಂದಿ ಅನುಸರಿಸುವ ಬೇರ್‌ವಾಲ್ಡ್ ಲೆಕ್ಕದಲ್ಲಿ, ನಡುವಿನ ಕಡ್ಡಿಯಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಜ್ ಗೀರಿಗೆ ಸರಿಯಾಗಿ ನೇರವಾಗಿರಬೇಕು. ಸಣ್ಣ ತಯಾರಕರು ತಮ್ಮ ತೋಳಿಗೆ ಬೇರೆ ಲೆಕ್ಕ ಇಟ್ಟಿದ್ದರೆ, ಅವರು ಕೊಟ್ಟ ಹಾಳೆಯೇ ಪ್ರಮಾಣ. ಅಂಗಡಿಯಲ್ಲಿ ಮುದ್ರಿಸಿಕೊಂಡ ಹಾಳೆಯನ್ನು ಅಳತೆಪಟ್ಟಿ ಇಟ್ಟು ನೋಡದೆ ಬಳಸಬಾರದು. ಮುದ್ರಣ ಯಂತ್ರಗಳು ಪುಟಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿಬಿಡುತ್ತವೆ. ತಿರುಪುಗಳನ್ನು ಅರ್ಧ ಬಿಗಿದು, ಮುಳ್ಳನ್ನು ಒಂದು ಬಿಂದುವಿನ ಮೇಲಿಳಿಸಿ, ಕಾರ್ಟ್ರಿಜ್ಜಿನ ಪಕ್ಕಗಳು ಹಾಳೆಯ ಗೆರೆಗಳಿಗೆ ಸಮಾನಾಂತರವಾಗುವಂತೆ ತಿರುಗಿಸಿ, ಬಳಿಕ ಇನ್ನೊಂದು ಬಿಂದುವಿನಲ್ಲಿ ನೋಡಬೇಕು. ಎರಡೂ ಕಡೆ ಹೊಂದುವವರೆಗೆ ಹಿಂದೆ ಮುಂದೆ ಸರಿಸುತ್ತಿರಬೇಕಾಗುತ್ತದೆ. ಇದು ತಾಳ್ಮೆಯ ಕೆಲಸ; ಕರೆಂಟು ಹೋಗದ, ಬೆಳಕಿರುವ ಬೆಳಗಿನ ಹೊತ್ತೇ ಒಳ್ಳೆಯದು.

ನಂತರ ಮುಳ್ಳಿನ ಭಾರ. ತೋಳಿನ ಹಿಂದಿನ ತೂಕವನ್ನು ತಿರುಗಿಸುತ್ತಾ ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಮಾಡಿ, ಅಳತೆಯ ಉಂಗುರವನ್ನು ಸೊನ್ನೆಗೆ ತಂದು, ಆಮೇಲೆ ತಯಾರಕರು ಹೇಳಿದ ಭಾರಕ್ಕೆ ತಿರುಗಿಸಬೇಕು. ಉದಾಹರಣೆಗೆ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್ಜಿಗೆ 1.8 ಗ್ರಾಂ, ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ. ಉಂಗುರದ ಗುರುತುಗಳನ್ನು ನಾನು ನಂಬುವುದಿಲ್ಲ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡುವುದೇ ಖಚಿತ. ತಕ್ಕಡಿಯ ತಟ್ಟೆ ಉಕ್ಕಿನದಾಗಿದ್ದರೆ ಕಾರ್ಟ್ರಿಜ್ಜಿನ ಅಯಸ್ಕಾಂತ ಅದನ್ನು ಎಳೆದು ತಪ್ಪು ತೂಕ ತೋರಿಸುತ್ತದೆ, ಆದ್ದರಿಂದ ಅಯಸ್ಕಾಂತಕ್ಕೆ ಅಂಟದ ತಟ್ಟೆಯದನ್ನೇ ಆರಿಸಬೇಕು. ಭಾರ ಕಡಿಮೆಯಾದರೆ ರೆಕಾರ್ಡು ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ವಾಸ್ತವದಲ್ಲಿ ಹಗುರವಾದ ಮುಳ್ಳು ಗೀರಿನ ಗೋಡೆಗಳ ನಡುವೆ ಕುಣಿದು ಹೆಚ್ಚು ಹಾಳುಮಾಡುತ್ತದೆ. ತೋಳು ಒಳಕ್ಕೆ ಎಳೆಯಲ್ಪಡುವುದನ್ನು ತಡೆಯುವ ಆ್ಯಂಟಿ-ಸ್ಕೇಟನ್ನು ಮೊದಲಿಗೆ ಮುಳ್ಳಿನ ಭಾರದಷ್ಟೇ ಇಟ್ಟರೆ ಸಾಕು.

ಅಜ್ಜನ ಕಾಲದ ಅರಗಿನ 78 ಆರ್‌ಪಿಎಂ ತಟ್ಟೆಗಳನ್ನು ಇದೇ ಮುಳ್ಳಿನಿಂದ ನುಡಿಸಬಾರದು. ಅವುಗಳ ಗೀರು ಅಗಲವಾದದ್ದು. ಸುಮಾರು 75 ಮೈಕ್ರಾನ್ ತ್ರಿಜ್ಯದ ತುದಿಯ ಬೇರೆ ಸ್ಟೈಲಸ್ ಬೇಕು.

ಗುಂಯ್ ಎನ್ನುವ ಹಮ್ ಕೇಳಿಬಂದರೆ ಗಾಬರಿಯಾಗಬೇಕಿಲ್ಲ. ಮುಳ್ಳಿನೊಡನೆ ಪುಟ್ಟ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನಿಂದ ಹೊರಡುವುದು ಮೂರರಿಂದ ಐದು ಮಿಲಿವೋಲ್ಟ್ ಮಾತ್ರ. ಫೋನೋ ಆಂಪ್ಲಿಫೈಯರ್ ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಅದರ ಮೇಲೆ, ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ರೆಕಾರ್ಡು ತಯಾರಕರ ಆರ್‌ಐಎಎ ಎಂಬ ನಿಯಮದಂತೆ ಮತ್ತೆ ಏರಿಸಬೇಕಾಗಿರುವುದರಿಂದ, ವಿದ್ಯುತ್ತಿನ 50 ಹರ್ಟ್ಸ್ ಸದ್ದೂ ಸುಮಾರು 17 ಡೆಸಿಬೆಲ್ ಹೆಚ್ಚು ಏರಿ ಬರುತ್ತದೆ. ಟರ್ನ್‌ಟೇಬಲ್ಲಿನ ತೆಳು ಅರ್ಥಿಂಗ್ ತಂತಿಯನ್ನು ಆಂಪ್ಲಿಫೈಯರಿನ ತಿರುಪಿಗೆ ಬಿಗಿಯುವುದು ಮೊದಲ ಮದ್ದು. ಆಮೇಲೆ ಸಂಗೀತ ಒಯ್ಯುವ ತಂತಿಯ ತುದಿಯ ಆರ್‌ಸಿಎ ಪಿನ್ನುಗಳನ್ನು ನೋಡಬೇಕು. ಪಣಂಬೂರು, ಮಲ್ಪೆಯಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಗೆ ಅವು ಮಂಕಾಗುತ್ತವೆ. ಯಂತ್ರದ ಸ್ವಿಚ್ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಹಮ್ ಅಲ್ಲಿಗೇ ನಿಲ್ಲುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಓಡುತ್ತಿರುವಾಗ ಮಾತ್ರ ಸದ್ದು ಬಂದರೆ ತಪ್ಪು ಇನ್ವರ್ಟರಿನದು, ಚೌಕ ತರಂಗದ ಇನ್ವರ್ಟರುಗಳಲ್ಲಿ ಇದು ಸಾಮಾನ್ಯ. ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಕರಾವಳಿಯಲ್ಲಿ ರೆಕಾರ್ಡಿನ ಮುಖ್ಯ ಶತ್ರು ಬೂಷ್ಟು. ಅದು ಮೊದಲು ಹಿಡಿಯುವುದು ವಿನೈಲನ್ನಲ್ಲ, ಕಾಗದದ ಒಳಚೀಲವನ್ನು. ಆದುದರಿಂದ ಕಾಗದದ ಚೀಲಗಳನ್ನು ತೆಗೆದು ಪಾಲಿಥೀನಿನ ಒಳಚೀಲಗಳನ್ನು ಹಾಕಬೇಕು; ಹೊರಗಿನ ರಟ್ಟಿನ ಕವಚವನ್ನು ಗೋಡೆಗೆ ತಾಗದಂತೆ ನಿಲ್ಲಿಸಿಡಬೇಕು, ಏಕೆಂದರೆ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಕೆಂಪುಕಲ್ಲಿನ ಗೋಡೆ ನೀರನ್ನೇ ಬಿಡುತ್ತದೆ. ಕಪಾಟಿನೊಳಗೊಂದು ಹೈಗ್ರೋಮೀಟರ್ ಇಟ್ಟು ಆರ್ದ್ರತೆ ಶೇಕಡಾ 60ರ ಒಳಗಿರುವಂತೆ ನೋಡಿಕೊಂಡರೆ ಬೂಷ್ಟಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಸಿಲಿಕಾ ಜೆಲ್ ಉಪಯುಕ್ತ, ಆದರೆ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸದಿದ್ದರೆ ಅದು ಇದ್ದೂ ಇಲ್ಲದಂತೆ. ಕಪಾಟಿನಲ್ಲಿ ಬಲ್ಬು ಉರಿಸಿಡುವ ಹಳೆಯ ಪದ್ಧತಿ ರೇಷ್ಮೆ ಸೀರೆಗೆ ಸರಿಹೋದೀತು, ರೆಕಾರ್ಡಿಗಲ್ಲ; ಶಾಖಕ್ಕೆ ವಿನೈಲ್ ಬಾಗುತ್ತದೆ. ತೊಳೆದ ರೆಕಾರ್ಡನ್ನು ಬಿಸಿಲಿಗೆ ಇಡಬಾರದೆಂಬುದೂ ಇದೇ ಕಾರಣಕ್ಕೆ.

ಬೂಷ್ಟು ಹಿಡಿದದ್ದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದು ಗೀರಿನೊಳಕ್ಕೇ ಸೇರುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸೇರಿಸಿ, ಲೇಬಲ್ ನೆನೆಯದಂತೆ, ಮೆತ್ತನೆಯ ಬ್ರಷ್ಷಿನಿಂದ ಗೀರಿನ ದಿಕ್ಕಿನಲ್ಲೇ ಉಜ್ಜಿ, ಮತ್ತೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆದು, ಫ್ಯಾನಿನ ಗಾಳಿಗೆ ನಿಲ್ಲಿಸಬೇಕು. ಬಾವಿಯ ನೀರು ಎಷ್ಟೇ ತಿಳಿಯಾಗಿರಲಿ, ಒಣಗಿದಾಗ ಅದರ ಲವಣ ಗೀರಿನಲ್ಲಿ ಉಳಿಯುತ್ತದೆ. ಅರಗಿನ ತಟ್ಟೆಗೆ ಆಲ್ಕೊಹಾಲ್ ಇರುವ ಯಾವ ದ್ರವವನ್ನೂ ಮುಟ್ಟಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ಮಳೆಗಾಲಕ್ಕೂ ಒಂದು ಗುಣವಿದೆಯೆಂದು ಒಪ್ಪಲೇಬೇಕು: ತೇವದ ಗಾಳಿಯಲ್ಲಿ ಸ್ಥಿರವಿದ್ಯುತ್ ನಿಲ್ಲದ ಕಾರಣ ಚಟಪಟ ಸದ್ದು ಕಡಿಮೆ.

ಪ್ರಶಸ್ತಿಯ ಸಂಭ್ರಮಕ್ಕೆಂದು ಗೆಳೆಯರನ್ನು ಕರೆದು ಕೇಳುವ ಸಂಜೆ ಏರ್ಪಡಿಸುವುದಾದರೆ, ಯಂತ್ರವನ್ನು ಹಿಂದಿನ ದಿನವೇ ಹೊಂದಿಸಿ, ಬಂದವರೆಲ್ಲ ಕುಳಿತ ಮೇಲೆಯೇ ಮುಳ್ಳು ಇಳಿಸಬೇಕು. ಒಂದು ಬದಿಯ ಮೊದಲ ಹಾಡನ್ನೂ ಕೊನೆಯದನ್ನೂ ಎರಡನ್ನೂ ಕೇಳಿಸಿದರೆ ಯಂತ್ರದ ಯೋಗ್ಯತೆ ತಿಳಿಯುತ್ತದೆ. ತಯಾರಕರಿಗೆ ಅಭಿನಂದನೆಯ ಪತ್ರ ಬರೆಯುವಾಗ, ನೂರು ಸುತ್ತಿನ ಪರೀಕ್ಷೆಯಲ್ಲಿ ಬಂದ ಸಮಯ, ಹಾಕಿದ ಕಾರ್ಟ್ರಿಜ್ ಮತ್ತು ಅದರ ಭಾರ, ಕೋಣೆಯ ಆರ್ದ್ರತೆ, ಒಂದು ಮಳೆಗಾಲ ಕಳೆದ ಮೇಲೆ ಬೆಲ್ಟು ಸಡಿಲವಾಗಿದೆಯೇ, ಬೇರಿಂಗಿನಲ್ಲಿ ತುಕ್ಕಿನ ಗುರುತಿದೆಯೇ ಎಂಬುದನ್ನೂ ಬರೆಯಬೇಕು. ನಮ್ಮಂಥ ಹವೆಯಲ್ಲಿ ವರ್ಷಗಟ್ಟಲೆ ಓಡಿಸಿ ನೋಡುವ ಅವಕಾಶ ಸಣ್ಣ ಕಾರ್ಖಾನೆಗೆ ಸಿಗುವುದು ಅಪರೂಪವಾದ್ದರಿಂದ, ಮುಂದಿನ ಬೆಲ್ಟಿನ ರಬ್ಬರನ್ನೋ ಬೇರಿಂಗಿನ ಎಣ್ಣೆಯನ್ನೋ ಆರಿಸುವಾಗ ಅವರಿಗೆ ಆ ವಿವರ ನೇರವಾಗಿ ಉಪಯೋಗಕ್ಕೆ ಬರುತ್ತದೆ.